ನಾಲ್ಕು ಕಾಲಂನಲ್ಲಿ ಭಾರತದ ಹೊಗೆ

"ಎಕ್ಸೆಲ್‌ನಲ್ಲಿ ಪಿಎಚ್‌ಡಿ ಆಗುತ್ತೇನ್ರೀ?" ಅಂತ ನಕ್ಕವರೇ ಕಳೆದ ತಿಂಗಳು "ಆ ಫೈಲ್ ಒಂದ್ಸಲ ಕಳಿಸಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಭಾರತದ ಹೊಗೆ, ಅಂದರೆ ಇಂಗಾಲದ ಡೈಆಕ್ಸೈಡ್, ಏರಿದ್ದರಲ್ಲಿ ಜನಸಂಖ್ಯೆಯ ಪಾಲೆಷ್ಟು ಅನ್ನುವುದೇ ನನ್ನ ಪಿಎಚ್‌ಡಿಯ ಪ್ರಶ್ನೆ.

ಇದಕ್ಕೆ ಎರಡು ಸಲಕರಣೆ ಇವೆ. ಒಟ್ಟು ಹೊಗೆಯನ್ನು ಜನ, ಆದಾಯ, ಶಕ್ತಿ, ಇಂಧನ ಅಂತ ನಾಲ್ಕು ಅಂಕಿಗಳ ಗುಣಾಕಾರವಾಗಿ ಒಡೆಯುವುದು ಕಾಯಾ ಸೂತ್ರ. ಹೊಗೆಯ ಏರಿಕೆಯಲ್ಲಿ ಆ ನಾಲ್ಕರಲ್ಲಿ ಯಾವುದರ ಪಾಲೆಷ್ಟು ಅಂತ ಹಂಚುವ ಲೆಕ್ಕ ಎಲ್‌ಎಂಡಿಐ. ನಾನು ಅಲ್ಲಿಂದ ಶುರು ಮಾಡಲಿಲ್ಲ. 30 ಬಡ ಮತ್ತು ಮಧ್ಯಮ ಆದಾಯದ ದೇಶಗಳ ಪ್ಯಾನೆಲ್ ರಿಗ್ರೆಷನ್ (ಹಲವು ದೇಶಗಳ ಹಲವು ವರ್ಷಗಳ ಅಂಕಿ ಒಟ್ಟಿಗೆ ಹಾಕಿ, ಜನಸಂಖ್ಯೆಗೂ ಹೊಗೆಗೂ ನಂಟು ಹುಡುಕುವ ಲೆಕ್ಕ) ಮಾಡಿಕೊಡಿ ಅಂತ ಒಬ್ಬರಿಗೆ 12 ಸಾವಿರ ಕೊಟ್ಟೆ. ಲೆಕ್ಕ ಅಂಕಿಗಳಿಗೆ ಎಷ್ಟು ಹೊಂದುತ್ತೆ ಅಂತ ಹೇಳುವ ಆರ್ ಸ್ಕ್ವೇರ್ 0.98 ಬಂತು, 1 ಅಂದರೆ ಪೂರ್ತಿ ಹೊಂದಿದಂತೆ. ಖುಷಿಗೆ ಮನೆಗೆ ಅರ್ಧ ಕೆಜಿ ಮೈಸೂರ್ ಪಾಕ್ ತಂದೆ. ಪಿಎಚ್‌ಡಿ ಕಮಿಟಿಯಲ್ಲಿದ್ದ ಹಿರಿಯರೊಬ್ಬರು, "ಜನಸಂಖ್ಯೆ ತೆಗೆದು ನಿಮ್ಮ ಮಗನ ಎತ್ತರ ಹಾಕಿದರೂ ಇದೇ ಬರುತ್ತೆ ಕಣ್ರೀ" ಅಂದರು. ಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಗನ ಎತ್ತರದ ಪೆನ್ಸಿಲ್ ಗುರುತುಗಳಿವೆ. 16 ವರ್ಷದ್ದು. ಅಳೆದು, ಭಾರತದ ಹೊಗೆಯ ಪಕ್ಕ ಹಾಕಿಯೇ ನೋಡಿದೆ. 0.96! ಎರಡೂ ಸುಮ್ನೆ ಮೇಲೆ ಹೋಗುವ ಗೆರೆಗಳು, ಅಷ್ಟೇ. ವರ್ಷದಿಂದ ವರ್ಷಕ್ಕೆ ಆದ ವ್ಯತ್ಯಾಸ ಹಾಕಿ ಓಡಿಸಿದರೆ ಜನಸಂಖ್ಯೆಯ ಮುಂದೆ ಮೈನಸ್ ಚಿಹ್ನೆ ಬಂತು, ಜನ ಹೆಚ್ಚಾದರೆ ಹೊಗೆ ಕಡಿಮೆ ಅನ್ನುವ ಹಾಗೆ! 12 ಸಾವಿರ ನೀರಲ್ಲಿ ಹೋಮ.

ಆಮೇಲೆ ಒಂದೇ ದೇಶ, ನಾಲ್ಕೇ ಕಾಲಂ. ಜನ, ತಲಾ ಜಿಡಿಪಿ, ಜಿಡಿಪಿಗೆ ತಗಲುವ ಶಕ್ತಿ, ಆ ಶಕ್ತಿಯಿಂದ ಏಳುವ ಹೊಗೆ. 1990ರಿಂದ 2019.

ಅದೂ ಸಲೀಸಾಗಿ ಬರಲಿಲ್ಲ. ಹಳೆ ವರ್ಷಗಳ ಅಂಕಿ ಇಂಗಾಲದ ತೂಕದಲ್ಲಿತ್ತು, ಹೊಸವು ಇಂಗಾಲದ ಡೈಆಕ್ಸೈಡ್ ತೂಕದಲ್ಲಿ. 3.67ರಿಂದ ಗುಣಿಸಬೇಕು ಅಂತ ಹೊಳೆಯಲು ಎರಡು ತಿಂಗಳು ಬೇಕಾಯಿತು. ಜಿಡಿಪಿಯನ್ನು ಆಯಾ ವರ್ಷದ ಡಾಲರ್ ದರದಲ್ಲಿ ಹಾಕಿದ್ದೆ. 1991ರಲ್ಲಿ ರೂಪಾಯಿ ಬೆಲೆ ಇಳಿಸಿದರಲ್ಲ, ಆ ವರ್ಷ ದೇಶವೇ ಕುಗ್ಗಿದಂತೆ ಕಂಡಿತು. ಮೊದಲು ಕೊನೆಯ ವರ್ಷ 2020 ಇಟ್ಟಿದ್ದೆ. ಲಾಕ್‌ಡೌನ್ ವರ್ಷ! ಹೊಗೆ, ಆದಾಯ ಎರಡೂ ಬಿದ್ದ ವರ್ಷಕ್ಕೆ ಹೋಲಿಸಿ ಏನು ಹೇಳುವುದು?

ನಿಜವಾಗಿ ತಲೆ ತಿಂದದ್ದು ಸೌದೆ. ಸೌದೆ, ಬೆರಣಿ ಬಿಟ್ಟು ಲೆಕ್ಕ ಹಾಕಿದರೆ ನಾಲ್ಕನೇ ಕಾಲಂ ಹೆಚ್ಚುಕಮ್ಮಿ ಅಲ್ಲಾಡುವುದಿಲ್ಲ. ಸೇರಿಸಿದರೆ ಜಾಸ್ತಿ ಆಗುತ್ತದೆ. ಯಾಕೆಂದರೆ ಸೌದೆಯ ಹೊಗೆಯನ್ನು ಈ ಲೆಕ್ಕದಲ್ಲಿ ಹಿಡಿಯುವುದಿಲ್ಲ, ಅದರ ಜಾಗಕ್ಕೆ ಬಂದ ಗ್ಯಾಸ್, ಕಲ್ಲಿದ್ದಲ ಕರೆಂಟಿನದನ್ನು ಹಿಡಿಯುತ್ತಾರೆ. ಹಳೆ ವರ್ಷಗಳ ಸೌದೆಯ ಅಂಕಿಯನ್ನು ನಾನು ಹೇಗೆ ತುಂಬಿಸಿದೆ ಅನ್ನುವುದನ್ನು ಪೇಪರ್ ಬರುವವರೆಗೆ ಹೇಳಲ್ಲ. ಬೇಜಾರಾಗಬೇಡಿ.

ನೆನಪಿನಿಂದ ಹೇಳುತ್ತೇನೆ. ಜನ 87 ಕೋಟಿಯಿಂದ 138 ಕೋಟಿ. ಹೊಗೆ 58 ಕೋಟಿ ಟನ್ನಿನಿಂದ ಸುಮಾರು 260 ಕೋಟಿ ಟನ್. ಈ ಏರಿಕೆಯನ್ನು 100 ಅಂದುಕೊಂಡರೆ ಜನಸಂಖ್ಯೆಯ ಪಾಲು 30ರ ಆಸುಪಾಸು. ತಲಾ ಆದಾಯದ್ದು 85ರ ಮೇಲೆ. ಇಂಧನ ಬದಲಾದದ್ದು ಇನ್ನೊಂದು 20 ಚಿಲ್ಲರೆ. ಕಡಿಮೆ ಶಕ್ತಿಯಲ್ಲಿ ಜಾಸ್ತಿ ಜಿಡಿಪಿ ಬಂದದ್ದಕ್ಕೆ ಮೈನಸ್ 40. ಇದನ್ನೆಲ್ಲ ದಕ್ಷತೆ ಅಂತ ಬೀಗುವ ಹಾಗಿಲ್ಲ. ಬೆಂಗಳೂರಿನ ಸಾಫ್ಟ್‌ವೇರೂ ಜಿಡಿಪಿಯೇ, ಅದಕ್ಕೆ ಬಾಯ್ಲರ್ ಬೇಡ. ಹಾಳೆಯಲ್ಲಿನ ಪೂರ್ತಿ ಅಂಕಿಗಳನ್ನು ಕೂಡಿದರೆ ಸರಿಯಾಗಿ 100, ಲೆಕ್ಕಕ್ಕೆ ಸಿಗದೆ ಉಳಿದದ್ದು ಸೊನ್ನೆ. 12 ಸಾವಿರದ ಕೆಲಸದಲ್ಲಿ ಇದು ಬಂದಿರಲಿಲ್ಲ! ಚೀನಾದ ಅಂಕಿ ಹಾಕಿದರೆ ಜನಸಂಖ್ಯೆಯ ಪಾಲು 15 ಕೂಡ ಮುಟ್ಟಲಿಲ್ಲ. "ಎಲ್ಲಾ ಜನ ಜಾಸ್ತಿ ಆಗಿದ್ದಕ್ಕೇ" ಅನ್ನುವ ನಮ್ಮ ಸ್ಟಾಫ್ ರೂಮಿನವರಿಗೆ ಈ ಎರಡೂ ಹಾಳೆಗಳನ್ನು ಪ್ರಿಂಟ್ ತೆಗೆದು ಕೊಟ್ಟೆ.

ಖರ್ಚು? ಅಂಕಿಗಳೆಲ್ಲ ವಿಶ್ವಬ್ಯಾಂಕ್ ಮತ್ತಿತರ ಕಡೆ ಪುಕ್ಕಟೆ. ಒಂದು ಜರ್ನಲ್ ಮಾತ್ರ ಪ್ರಕಟಿಸಲು 40 ಸಾವಿರ ಕೇಳಿತು. ನಮಸ್ಕಾರ ಹೇಳಿ ಬೇರೆ ಕಡೆ ಕಳಿಸಿದೆ.

ಈಗ ಇನ್ನೊಂದು ಹುಚ್ಚು ಹಿಡಿದಿದೆ. ತಲೆ ಎಣಿಸುವ ಬದಲು ಮನೆ ಎಣಿಸಿದರೆ? ಫ್ರಿಜ್, ಟಿವಿ ಮನೆಗೊಂದು ತಾನೇ, ತಲೆಗೊಂದಲ್ಲ. 2001ರಿಂದ 2011ಕ್ಕೆ ಜನ ಜಾಸ್ತಿ ಆದದ್ದು ಶೇ. 18ರಷ್ಟು, ಮನೆಗಳು 19 ಕೋಟಿಯಿಂದ 24 ಕೋಟಿ ದಾಟಿದವು, ಅಂದರೆ ಶೇ. 28. ಅಣ್ಣತಮ್ಮಂದಿರು ಬೇರೆಯಾದ ಲೆಕ್ಕ ಅದು! ಜನರ ಮೊದಲ ಕಾಲಂ ಒಡೆದು ಎರಡು ಮಾಡಿದ್ದೇನೆ: ಮನೆಗಳೆಷ್ಟು, ಮನೆಗೆ ಜನರೆಷ್ಟು. ಆದರೆ 2021ರ ಜನಗಣತಿ ನಡೆಯಲೇ ಇಲ್ಲವಲ್ಲ, ಹಾಳೆ 2011ಕ್ಕೇ ನಿಂತಿದೆ.