ಕ್ಯಾಲಿಫೋರ್ನಿಯಾ ಸಂವಿಧಾನ ತಿದ್ದಬೇಕಾ? ಮೊದಲು ಸಹಿಯ ಲೆಕ್ಕ ಹಾಕಿ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ದಿನಸಿ ತಗೊಂಡು ಅಂಗಡಿಯಿಂದ ಹೊರಗೆ ಬಂದರೆ, ಕ್ಲಿಪ್‌ಬೋರ್ಡ್ ಹಿಡಿದವರು ಯಾರಾದರೂ ಸಹಿ ಕೇಳುತ್ತಾರೆ, ಅಲ್ವಾ? ಅವರ ಕೈಯಲ್ಲಿರುವುದು ಎಷ್ಟೋ ಸಲ ರಾಜ್ಯದ ಸಂವಿಧಾನವನ್ನೇ ತಿದ್ದುವ ಅರ್ಜಿ. ನಮ್ಮ ಕಡೆಯಿಂದ ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ. ಕರ್ನಾಟಕಕ್ಕೆ ಬೇರೆ ಸಂವಿಧಾನವೇ ಇಲ್ಲ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬೇಕಾದಾಗ ದೆಹಲಿಯ ಬಾಗಿಲು ತಟ್ಟಬೇಕಾಯಿತು, 2012ರಲ್ಲಿ ಸಂಸತ್ತು ಒಪ್ಪಿತು. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ. ಕ್ಯಾಲಿಫೋರ್ನಿಯಾದ ಈಗಿನದು 1879ರದ್ದು, ಅದನ್ನು 500ಕ್ಕಿಂತ ಜಾಸ್ತಿ ಸಲ ತಿದ್ದಿದ್ದಾರೆ. ಇಡೀ ದೇಶದ ಸಂವಿಧಾನಕ್ಕೆ ಆಗಿರುವುದು ಬರೀ 27 ತಿದ್ದುಪಡಿ!

ನಿಮ್ಮ ಹತ್ತಿರ ಒಂದು ಐಡಿಯಾ ಇದೆ ಅಂದುಕೊಳ್ಳಿ. ಅದಕ್ಕೆ ಸಂವಿಧಾನವೇ ಬೇಕಾ, ಸಾಮಾನ್ಯ ಕಾನೂನು ಸಾಕಾ? ಇದನ್ನು ಮೊದಲೇ ತೀರ್ಮಾನ ಮಾಡಿ, ಯಾಕೆಂದರೆ ಖರ್ಚೆಲ್ಲ ಇದರ ಮೇಲೆ ನಿಂತಿದೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ 5% ಸಹಿ ತಂದರೆ ಕಾನೂನು ಮತಪತ್ರಕ್ಕೆ, ಅಂದರೆ ಜನರ ಮತಕ್ಕೆ, ಹೋಗುತ್ತದೆ, ಸಂವಿಧಾನಕ್ಕೆ 8% ಬೇಕು. 2022ರ ಚುನಾವಣೆಯ ಲೆಕ್ಕದಲ್ಲಿ ಅದು 5,46,651 ಮತ್ತು 8,74,641. ಸಂವಿಧಾನಕ್ಕೆ ಸೇರಿಸಿದ್ದನ್ನು ಶಾಸಕರು ತಾವಾಗಿಯೇ ಅಳಿಸಲು ಆಗುವುದಿಲ್ಲ, ಮತ್ತೆ ಜನರ ಮುಂದೆಯೇ ಬರಬೇಕು. ಲಾಭವೂ ಅದೇ, ತಲೆನೋವೂ ಅದೇ. 1978ರ ಪ್ರಾಪ್ 13 (ಪ್ರಾಪ್ ಅಂದರೆ ಪ್ರಪೊಸಿಷನ್, ಜನರ ಮತಕ್ಕೆ ಹಾಕಿದ ಪ್ರಸ್ತಾವ) ಆಸ್ತಿ ತೆರಿಗೆಗೆ 1% ಮಿತಿ ಹಾಕಿತು, ಇವತ್ತಿಗೂ ಮನೆ ಕೊಳ್ಳುವ ಪ್ರತಿಯೊಬ್ಬರ ಬಿಲ್ಲಿನಲ್ಲಿ ಅದು ಕೂತಿದೆ. 2008ರಲ್ಲಿ ಪ್ರಾಪ್ 8 ಸಲಿಂಗ ಮದುವೆಯನ್ನು ತಡೆಯಿತು. ಕೋರ್ಟು ಕೇಸುಗಳ ನಂತರ 2013ರಿಂದ ಮದುವೆಗಳು ಮತ್ತೆ ಶುರುವಾದವು. ಆದರೂ ಆ ಸಾಲು ಸಂವಿಧಾನದಲ್ಲಿ ಸುಮ್ನೆ ಉಳಿದಿತ್ತು, ಅದನ್ನು ಕಿತ್ತುಹಾಕಲು 2024ರಲ್ಲಿ ಇನ್ನೊಂದು ಮತದಾನವೇ ಬೇಕಾಯಿತು.

ಇನ್ನೊಂದು ಹಳ್ಳ ಇದೆ, ನೋಡಿಕೊಂಡು ನಡೆಯಿರಿ. ಸಹಿ ಹಾದಿಯಲ್ಲಿ ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಚೌಕಟ್ಟನ್ನೇ ಬದಲಿಸುವ ಹಾಗಿಲ್ಲ. ಎಲ್ಲಿ ತಿದ್ದುಪಡಿ ಮುಗಿದು ಎಲ್ಲಿ ಪರಿಷ್ಕರಣೆ ಶುರುವಾಗುತ್ತದೆ ಅನ್ನುವುದನ್ನು ಕೋರ್ಟು ಹೇಳುತ್ತದೆ. 2024ರ ಜೂನ್‌ನಲ್ಲಿ ತೆರಿಗೆಗೆ ಸಂಬಂಧಿಸಿದ ಒಂದು ಪ್ರಸ್ತಾವಕ್ಕೆ ಬೇಕಾದಷ್ಟು ಸಹಿ ಬಂದು, ಅರ್ಹತೆಯೂ ಸಿಕ್ಕಿದ ಮೇಲೆ, ಇದು ಪರಿಷ್ಕರಣೆ ಅಂತ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಮತಪತ್ರದಿಂದಲೇ ತೆಗೆದುಹಾಕಿತು. ಅಷ್ಟೂ ಸಹಿ ನೀರಲ್ಲಿ ಹೋಮ. ಒಂದು ಪ್ರಸ್ತಾವದಲ್ಲಿ ಒಂದೇ ವಿಷಯ ಇರಬೇಕು ಅನ್ನುವ ನಿಯಮವೂ ಇದೆ.

ಹಾಗಾಗಿ ಬರೆಯುವಾಗ ವಕೀಲರು ಜೊತೆಗಿರಲಿ. ಕೈಯಲ್ಲಿ ದುಡ್ಡಿಲ್ಲವೇ? 25 ಮತದಾರರು ಸಹಿ ಹಾಕಿ ಕೇಳಿದರೆ ಶಾಸಕಾಂಗದ ವಕೀಲರ ಕಚೇರಿ ಕರಡು ಬರೆಯಲು ನೆರವಾಗಬಹುದು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕರಡನ್ನು 2,000 ಡಾಲರ್ ಜೊತೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್‌ಗೆ ಕೊಡಿ. ಪ್ರಸ್ತಾವ ಮತಪತ್ರಕ್ಕೆ ಹೋದರೆ ಈ ದುಡ್ಡು ವಾಪಸ್ ಬರುತ್ತದೆ. 30 ದಿನ ಯಾರು ಬೇಕಾದರೂ ಅಭಿಪ್ರಾಯ ಹೇಳಬಹುದು. ಆಮೇಲೆ ಶೀರ್ಷಿಕೆಯನ್ನೂ ಸಾರಾಂಶವನ್ನೂ ಅಟಾರ್ನಿ ಜನರಲ್ ಬರೆಯುತ್ತಾರೆ, ನೀವಲ್ಲ. ಜನ ಓದುವುದು ಆ ನಾಲ್ಕು ಸಾಲು ಮಾತ್ರ, ಅದಕ್ಕೇ ಅದರ ಬಗ್ಗೆ ಪ್ರತಿ ಸಲ ಜಗಳ.

ಅಲ್ಲಿಂದ ಸಹಿ ಸೇರಿಸಲು 180 ದಿನ. ಅಂದರೆ ಭಾನುವಾರವೂ ಸೇರಿ ದಿನಕ್ಕೆ ಸುಮಾರು 4,860 ಸಹಿ. ಸ್ವಯಂಸೇವಕರಿಂದ ಇಷ್ಟು ಆಗುತ್ತದೆ ಅಂತ ನನಗಂತೂ ಅನಿಸುವುದಿಲ್ಲ, ಆ ಕ್ಲಿಪ್‌ಬೋರ್ಡ್ ಹಿಡಿದವರಲ್ಲಿ ಬಹಳ ಜನಕ್ಕೆ ಸಹಿಗೆ ಇಷ್ಟು ಅಂತ ಕೂಲಿ ಸಿಗುತ್ತದೆ. ಕೂಲಿಗೋ ಸೇವೆಗೋ ಅಂತ ಕೇಳುವ ಹಕ್ಕು ನಿಮಗಿದೆ, ಅರ್ಜಿಯ ಮೇಲೆಯೇ ಹಾಗೆ ಬರೆದಿರುತ್ತದೆ. ನೋಂದಾಯಿತ ಮತದಾರರ ಸಹಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಗ್ರೀನ್ ಕಾರ್ಡ್‌ನವರು, ಎಚ್‌1ಬಿಯವರು ನಯವಾಗಿ ಬೇಡ ಅಂದುಬಿಡಿ. ವಿಳಾಸವನ್ನು ಸಹಿ ಹಾಕುವವರೇ ಬರೆಯಬೇಕು, ಒಂದು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಹಾಳೆಯಲ್ಲಿ ಇನ್ನೊಂದು ಕೌಂಟಿಯವರು ಹಾಕುವ ಹಾಗಿಲ್ಲ. ಇಂಥ ತಪ್ಪಿನಿಂದ ಸಹಿಗಳು ಬಿದ್ದುಹೋಗುತ್ತವೆ, ಅದಕ್ಕೇ ಬೇಕಾದ್ದಕ್ಕಿಂತ ಲಕ್ಷಗಟ್ಟಲೆ ಜಾಸ್ತಿ ಸೇರಿಸಿ. ಕೌಂಟಿಯವರು ಮೊದಲು 500 ಸಹಿ ಅಥವಾ 3%, ಯಾವುದು ಹೆಚ್ಚೋ ಅಷ್ಟನ್ನು ಎತ್ತಿ ನೋಡುತ್ತಾರೆ. ಆ ಅಂದಾಜು ಬೇಕಾದ ಸಂಖ್ಯೆಯ 110% ದಾಟಿದರೆ ಪಾಸ್, 95%ಗಿಂತ ಕಡಿಮೆಯಾದರೆ ಫೇಲ್. ನಡುವೆ ಸಿಕ್ಕಿಕೊಂಡರೆ ಒಂದೊಂದನ್ನೂ ನೋಡಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಇದೆಲ್ಲ ಚುನಾವಣೆಗೆ 131 ದಿನ ಮೊದಲೇ ಮುಗಿದಿರಬೇಕು.

ಶಾಸಕರ ದಾರಿ ಚಿಕ್ಕದು. ಎರಡೂ ಸದನದಲ್ಲಿ ಮೂರನೇ ಎರಡು ಭಾಗ, ಅಂದರೆ ಅಸೆಂಬ್ಲಿಯಲ್ಲಿ 80ಕ್ಕೆ 54, ಸೆನೆಟ್‌ನಲ್ಲಿ 40ಕ್ಕೆ 27 ಮತ ಬಿದ್ದರೆ ಪ್ರಸ್ತಾವ ಜನರ ಮುಂದೆ ಹೋಗುತ್ತದೆ. ತಿದ್ದುಪಡಿಗೆ ಗವರ್ನರ್ ಸಹಿ ಬೇಡ. 2025ರಲ್ಲಿ ಕ್ಷೇತ್ರಗಳ ಗಡಿ ಬದಲಿಸುವ ಪ್ರಾಪ್ 50 ಆಗಸ್ಟ್‌ನಲ್ಲಿ ಸದನ ದಾಟಿ ನವೆಂಬರ್ 4ಕ್ಕೆ ಗೆದ್ದೂ ಆಯಿತು. ನಿಮ್ಮ ಶಾಸಕರು ಫೋನಿಗೆ ಸಿಕ್ಕರೆ ಕ್ಲಿಪ್‌ಬೋರ್ಡ್‌ಗೆ ಮುಂಚೆ ಅವರ ಜೊತೆ ಮಾತಾಡಿ.

ಕೊನೆಗೆ ಮತದಾನ. ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೂ ಸಾಕು. ಫ್ಲೋರಿಡಾದಲ್ಲಾದರೆ 60% ಬೇಕು. ಫಲಿತಾಂಶವನ್ನು ಅಧಿಕೃತವಾಗಿ ದಾಖಲಿಸಿದ ಐದನೇ ದಿನ ತಿದ್ದುಪಡಿ ಜಾರಿಗೆ ಬರುತ್ತದೆ, ಪ್ರಸ್ತಾವದಲ್ಲೇ ಬೇರೆ ತಾರೀಕು ಬರೆಯದಿದ್ದರೆ. ನಿಮ್ಮ ಪ್ರಸ್ತಾವಕ್ಕೆ ವಿರುದ್ಧವಾದ ಇನ್ನೊಂದು ಅದೇ ದಿನ ಗೆದ್ದರೆ? ಯಾವುದಕ್ಕೆ "ಹೌದು" ಮತ ಜಾಸ್ತಿ ಬಿದ್ದಿದೆಯೋ ಅದರ ಮಾತೇ ನಡೆಯುತ್ತದೆ. ಅದಕ್ಕೇ ಎದುರಾಳಿಗಳು ಕೆಲವೊಮ್ಮೆ "ಬೇಡ" ಅಂತ ಪ್ರಚಾರ ಮಾಡುವ ಬದಲು ತಮ್ಮದೇ ಒಂದು ಪ್ರಸ್ತಾವ ತಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ.