ಸಣ್ಣ ಗಾಳಿಗೆ ಯಾವ ಹಾಯಿ? ಅಂಗಳದಲ್ಲೇ ಅರ್ಧ ತೀರ್ಮಾನ ಮಾಡಿ

ಗಾಳಿ ಕಡಿಮೆ ಆದರೆ ದೊಡ್ಡ ಹಾಯಿ ಏರಿಸಬೇಕು. ಹಾಯಿದೋಣಿ ರೇಸಿಗೆ ಹೊಸದಾಗಿ ಇಳಿದವರಿಗೆಲ್ಲ ಇಷ್ಟು ಗೊತ್ತಿರುತ್ತದೆ. ಇರುವುದರಲ್ಲೇ ದೊಡ್ಡದನ್ನು ಏರಿಸುತ್ತಾರೆ, ಹಗ್ಗ ಬಿಗಿಯಾಗಿ ಎಳೆದು ಕಟ್ಟುತ್ತಾರೆ, ಆಮೇಲೆ ದೋಣಿ ಯಾಕೆ ಹೋಗ್ತಿಲ್ಲ ಅಂತ ಆಕಾಶ ನೋಡುತ್ತಾರೆ. ಮುಂಬೈ ಬಂದರಿನಲ್ಲಿ ಚಳಿಗಾಲದ ಬೆಳಗಿನ ರೇಸುಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಈ ಲೇಖನ.

ಮಲೆನಾಡಿನ ಸಾಗರ ಊರಲ್ಲಿ ಕೂತವನಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ನಮ್ಮ ಕಡೆಯ ಕೆಲವರು ಸೇರಿ ಇಟ್ಟುಕೊಂಡಿರುವ ಹಳೇ ಕ್ರೂಸಿಂಗ್ ಯಾಟ್ ಮುಂಬೈನಲ್ಲಿದೆ. ಮಳೆಗಾಲದಲ್ಲಿ ಅಲ್ಲಿ ದೋಣಿಗಳನ್ನು ದಡಕ್ಕೆ ಎಳೆದಿಡುತ್ತಾರೆ. ಹಾಯಿಗಳು ಚೀಲದಲ್ಲಿ ಊರಿಗೆ ಬರುತ್ತವೆ. ಅಡಿಕೆ ಅಂಗಳದಷ್ಟು ಉದ್ದದ ಸಮತಟ್ಟು ಜಾಗ ಮುಂಬೈನಲ್ಲಿ ಎಲ್ಲಿ ಸಿಗಬೇಕು?

ಕ್ರೂಸಿಂಗ್ ಯಾಟ್ ಅಂದರೆ ಒಳಗೆ ಒಲೆ, ಹಾಸಿಗೆ, ನೀರಿನ ಟ್ಯಾಂಕು ಎಲ್ಲ ಇರುವ ಭಾರದ ದೋಣಿ. ಸಣ್ಣ ಗಾಳಿಗೆ ಅದು ಏಳುವುದೇ ನಿಧಾನ. ಹಾಗಾಗಿ ಮಾಸ್ಟಿನ, ಅಂದರೆ ಹಾಯಿಕಂಬದ, ಮುಂದೆ ಕಟ್ಟುವ ಹಾಯಿಯ ಆಯ್ಕೆ ಇಲ್ಲಿ ಜಾಸ್ತಿ ಮುಖ್ಯ.

ಮೊದಲು ನಿಯಮ ಓದಿ

ರೇಸಿನ ಪ್ರಕಟಣೆಯಲ್ಲಿ ನಿಮ್ಮ ವಿಭಾಗಕ್ಕೆ ಏನೇನು ಹಾಯಿ ಬಳಸಬಹುದು ಅಂತ ಇರುತ್ತದೆ. ಕ್ರೂಸಿಂಗ್ ವಿಭಾಗದಲ್ಲಿ ಸ್ಪಿನೇಕರ್, ಅಂದರೆ ಹಿಂಗಾಳಿಗೆ ಏರಿಸುವ ಬಲೂನಿನಂಥ ಹಾಯಿ, ಬೇಡ ಅನ್ನುವುದು ಸಾಮಾನ್ಯ. ಬೇರೆಬೇರೆ ದೋಣಿಗಳು ಒಟ್ಟಿಗೆ ಓಡುವಾಗ ಸಮಯ ಸರಿದೂಗಿಸಲು ಬಳಸುವ ಐಆರ್‌ಸಿ ಪದ್ಧತಿಯಲ್ಲಿ ನಿಮ್ಮ ಅತಿ ದೊಡ್ಡ ಮುಂದಿನ ಹಾಯಿಯ ವಿಸ್ತೀರ್ಣ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಬರುತ್ತದೆ. ಅಂದರೆ ವರ್ಷಕ್ಕೆ ಎರಡು ಸಲ ಏರಿಸುವ ದೊಡ್ಡ ಹಾಯಿಗೂ ವರ್ಷವಿಡೀ ದಂಡ ಕಟ್ಟುತ್ತೀರಿ.

ಅಂಗಳಕ್ಕೆ ಹಾಯಿ

ಇದಕ್ಕೆ ಒಳ್ಳೇ ಕಾಲ ನವರಾತ್ರಿಯ ಆಸುಪಾಸು. ಮಳೆ ಹಿಂದೆ ಸರಿದಿರುತ್ತದೆ, ಕೊನೆ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಕೆಳಗೆ ಟಾರ್ಪಾಲು ಹಾಸಿ. ಅಡಿಕೆ ಬೇಯಿಸುವಾಗ ಬಳಸಿದ ಟಾರ್ಪಾಲು ಮಾತ್ರ ಬೇಡ. ಚೊಗರಿನ ಕಲೆ ಹಾಯಿಗೆ ಹತ್ತಿದರೆ ಹೋಗುವುದಿಲ್ಲ.

ಮಲೆನಾಡಿನ ಅಟ್ಟದಲ್ಲಿ ಮಳೆಗಾಲ ಕಳೆದ ಹಾಯಿಗೆ ಬೂಷ್ಟು ಹಿಡಿಯದೇ ಇರುವುದಿಲ್ಲ. ಸಿಹಿನೀರು, ಸ್ವಲ್ಪ ಸೋಪು, ಮೆತ್ತನೆ ಬ್ರಷ್ ಸಾಕು. ಬ್ಲೀಚಿಂಗ್ ನೀರನ್ನು ನೈಲಾನ್ ಹಾಯಿಯ ಹತ್ತಿರವೂ ತರಬೇಡಿ. ಎಳೆ ಸತ್ತು ಹೋಗುತ್ತದೆ. ಪಾಲಿಯೆಸ್ಟರಿನ ಡೇಕ್ರಾನ್ ಆದರೆ ತೀರಾ ತೆಳುವಾಗಿ ಬೆರೆಸಿದ್ದನ್ನು ತಡೆದುಕೊಳ್ಳುತ್ತದೆ. ಚೀಲದೊಳಗೆ ಇಲಿ ಸೇರಿದೆಯಾ ಅಂತಲೂ ನೋಡಿ.

ಈಗ ಅಳತೆ. ದೋಣಿಯ ಮೂತಿಯಿಂದ ಮಾಸ್ಟಿಗೆ ಹೋಗುವ ಮುಂದಿನ ತಂತಿಗೆ ಕೂರುವ ಅಂಚು ಲಫ್. ಹಿಂದಿನ ಅಂಚು ಲೀಚ್. ಶೀಟ್, ಅಂದರೆ ಎಳೆಯುವ ಹಗ್ಗ, ಕಟ್ಟುವ ಮೂಲೆ ಕ್ಲೂ. ಕ್ಲೂನಿಂದ ಲಫ್‌ಗೆ ಲಂಬವಾಗಿ ಟೇಪು ಹಿಡಿಯಿರಿ. ದೋಣಿಯಲ್ಲಿ ಮುಂದಿನ ತಂತಿಯ ಬುಡದಿಂದ ಮಾಸ್ಟಿನವರೆಗೆ ಎಷ್ಟು ದೂರವೋ ಅದರಿಂದ ಭಾಗಿಸಿ. ಹಾಯಿ 5.4 ಮೀಟರ್, ದೋಣಿ 3.6 ಮೀಟರ್ ಆದರೆ ಅದು ಶೇ 150ರ ಹಾಯಿ. ಹೀಗೆ ಮಾಸ್ಟ್ ದಾಟಿ ಹಿಂದಕ್ಕೆ ಬರುವ ಹಾಯಿಗೆ ಜೆನೊವಾ ಅನ್ನುತ್ತಾರೆ. ದಾಟದೆ ಮುಂದೆಯೇ ಉಳಿಯುವುದು ಜಿಬ್.

ಅಳತೆಗಿಂತ ದೊಡ್ಡ ವಿಷಯ ಬಟ್ಟೆಯ ತೂಕ. ಸುರುಳಿ ಸುತ್ತುವ ಫರ್ಲರ್ ಇರುವ ದೋಣಿಯಲ್ಲಿ ಹಾಯಿಯ ಲೀಚಿಗೆ ಬಿಸಿಲು ತಡೆಯಲು ನೀಲಿ ಪಟ್ಟಿ ಹೊಲಿದಿರುತ್ತಾರೆ. ಸುತ್ತಿಟ್ಟಾಗ ಹಾಯಿಯನ್ನು ಕಾಯುವುದು ಅದೇ. ಆದರೆ ಸಣ್ಣ ಗಾಳಿಯಲ್ಲಿ ಅದೇ ಪಟ್ಟಿ ಹಾಯಿಯ ಹಿಂಭಾಗವನ್ನು ಕೆಳಕ್ಕೆ ಜಗ್ಗುತ್ತದೆ. ಲೀಚ್ ತೆರೆದುಕೊಳ್ಳುವುದೇ ಇಲ್ಲ. ಅದಕ್ಕೇ ನನ್ನ ಖಡಕ್ ಅಭಿಪ್ರಾಯ: ಒಂದೇ ಹಾಯಿಗೆ ದುಡ್ಡು ಇದ್ದರೆ ಪಟ್ಟಿ ಇಲ್ಲದ, ಹಗುರ ಬಟ್ಟೆಯ ಶೇ 150ರ ಜೆನೊವಾ ಮಾಡಿಸಿ. ಸಣ್ಣ ಗಾಳಿಗೆಂದೇ ಮಾಡುವ ದೊಡ್ಡ ಹಗುರ ಹಾಯಿ ಕೋಡ್ ಝೀರೊ ನೋಡಲು ಚಂದ, ಆದರೆ ಅದಕ್ಕೆ ಬೇರೆ ಫರ್ಲರ್, ಮುಂದೆ ಚಾಚುವ ಕಂಬ ಎಲ್ಲ ಬೇಕು. ಎದುರುಗಾಳಿಯಲ್ಲಿ ಅದು ಜೆನೊವಾದಷ್ಟು ಗಾಳಿಯ ದಿಕ್ಕಿಗೆ ಹತ್ತಿರ ಹೋಗುವುದೂ ಇಲ್ಲ.

ಸೆಕೆಂಡ್ ಹ್ಯಾಂಡ್ ಜೆನೊವಾ ಅಗ್ಗಕ್ಕೆ ಸಿಗುತ್ತದೆ. ಕೊಳ್ಳುವ ಮುಂಚೆ ಬಟ್ಟೆಯನ್ನು ಕೈಯಲ್ಲಿ ಮುದುರಿ ನೋಡಿ. ಹಳೇ ಪಂಚೆಯಂತೆ ಮೆತ್ತಗೆ ಬಿದ್ದರೆ ವಾಪಸ್ ಕೊಡಿ. ಅದು ಜಗ್ಗಿ ಹೋಗಿದೆ, ಗಾಳಿ ತುಂಬಿದಾಗ ಅದರ ಹೊಟ್ಟೆ, ಅಂದರೆ ಅತಿ ಆಳದ ಜಾಗ, ಹಿಂದಕ್ಕೆ ಸರಿಯುತ್ತದೆ. ಮುಂದಿನ ಹಾಯಿಯ ಹೊಟ್ಟೆ ಲಫ್‌ನಿಂದ ಹಾಯಿಯ ಅಗಲದ ಹೆಚ್ಚುಕಡಿಮೆ ಶೇ 40ರ ಹತ್ತಿರ ಇರಬೇಕು.

ಯಾವ ಗಾಳಿಗೆ ಯಾವುದು

ಹೆಚ್ಚಿನವರು ಎಡವುವುದು ಇಲ್ಲೇ.

ಹಾಯಿಗೆ ತಗಲುವುದು ಬೀಸುವ ಗಾಳಿ ಮಾತ್ರ ಅಲ್ಲ. ದೋಣಿಯ ಓಟದಿಂದ ಹುಟ್ಟುವ ಗಾಳಿಯೂ ಸೇರುತ್ತದೆ. 8 ನಾಟ್ ಗಾಳಿ ಇದೆ ಅನ್ನಿ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ದೋಣಿ ಗಾಳಿಗೆ 45 ಡಿಗ್ರಿ ಕೋನದಲ್ಲಿ 5 ನಾಟ್ ಓಡುತ್ತಿದ್ದರೆ ಹಾಯಿಗೆ ಸಿಗುವುದು ಸುಮಾರು 12 ನಾಟ್. ಸಣ್ಣ ಗಾಳಿಯ ಹಾಯಿ ಈ 12ಕ್ಕೆ ಜಗ್ಗಿ ಹಾಳಾಗಬಹುದು. ಅದೇ 6 ನಾಟ್ ಗಾಳಿ ನೇರ ಹಿಂದಿನಿಂದ ಬಂದು ದೋಣಿ 3 ನಾಟ್ ಹೋದರೆ ಹಾಯಿಗೆ ಉಳಿಯುವುದು 3 ಮಾತ್ರ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧ ಆದರೆ ಬಲ ಕಾಲುಭಾಗ. ನೇರ ಹಿಂಗಾಳಿಯಲ್ಲಿ ದೊಡ್ಡ ಜೆನೊವಾ ಸೋತು ಮಾಸ್ಟಿಗೆ ಅಂಟಿಕೊಳ್ಳುವುದು ಇದಕ್ಕೇ. ಆಗ ದೋಣಿಯನ್ನು ಸ್ವಲ್ಪ ಓರೆಗೆ ತಿರುಗಿಸಿ ಓಡಿಸಿ. ದಾರಿ ಉದ್ದ ಆದರೂ ಬೇಗ ಮುಟ್ಟುತ್ತೀರಿ.

ಹಾಗಾಗಿ ತೀರ್ಮಾನ ಮಾಡುವಾಗ ಹಾಯಿಗೆ ತಗಲುವ ಗಾಳಿಯ ಲೆಕ್ಕ ಹಿಡಿಯಿರಿ. ಹಗುರ ಜೆನೊವಾ ಎಷ್ಟು ನಾಟ್ ತಡೆಯುತ್ತದೆ ಅಂತ ಹೊಲಿದವರನ್ನು ಕೇಳಿ, ಆ ಅಂಕಿಯನ್ನು ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಅದು ದಾಟಿತೋ, ಭಾರದ ಜೆನೊವಾ.

ಆ ಅಂಕಿ ದಾಟದಿದ್ದರೆ, ಬೀಸುವ ಗಾಳಿ 4ರಿಂದ 8 ನಾಟ್ ಇದ್ದಾಗ ಹಗುರ ಜೆನೊವಾಗೆ ಸಾಟಿ ಇಲ್ಲ. 3ಕ್ಕಿಂತ ಕೆಳಗೆ ಇಳಿದಾಗ ಕಥೆ ಬೇರೆ. ಆಗ ಗಾಳಿಗೆ ಆಳವಾದ ಹೊಟ್ಟೆಯ ಸುತ್ತ ಬಾಗಿ ಹರಿಯುವ ಶಕ್ತಿಯೇ ಇರುವುದಿಲ್ಲ. ಹಾಯಿಯನ್ನು ಬಿಟ್ಟು ಹೋಗುತ್ತದೆ. ಬೇಕಿರುವುದು ತೆಳು, ಸ್ವಲ್ಪ ಚಪ್ಪಟೆ, ಮೇಲ್ಭಾಗ ತೆರೆದುಕೊಂಡ ಹಾಯಿ. ನೈಲಾನಿನ ಡ್ರಿಫ್ಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ಲೂ ಎತ್ತರದಲ್ಲಿ ಇರುವುದರಿಂದ ಉಸಿರಿನಷ್ಟು ಗಾಳಿಗೂ ತುಂಬಿಕೊಳ್ಳುತ್ತದೆ. ನೈಲಾನ್ ಜಗ್ಗುತ್ತದೆ, ಹಾಗಾಗಿ ಎದುರುಗಾಳಿಗೆ ತೀರಾ ಹತ್ತಿರ ಹೋಗುವಾಗ ಅದನ್ನು ನಂಬಬೇಡಿ. ಅಡ್ಡಗಾಳಿಗೆ ಬಳಸಿ.

ಸುತ್ತುವ ಹಾಯಿಯನ್ನೇ ಅರ್ಧ ಸುತ್ತಿ ಸಣ್ಣದು ಮಾಡಿಕೊಂಡರಾಯಿತು ಅಂತ ಶಾರ್ಟ್‌ಕಟ್ ಹೇಳುವವರಿದ್ದಾರೆ. ಸಣ್ಣ ಗಾಳಿಯಲ್ಲಿ ಅದು ಸುಮ್ನೆ ದಂಡ. ಸುತ್ತಿದ ಭಾಗ ದಪ್ಪ ಕೊಳವೆಯಾಗಿ ಗಾಳಿಯ ಹರಿವನ್ನು ಲಫ್‌ನಲ್ಲೇ ಕೆಡಿಸುತ್ತದೆ.

ಒಂದು ಎಚ್ಚರಿಕೆ. ಫರ್ಲರಿನ ಕೊಳವೆಯಲ್ಲಿ ಹಾಯಿ ಕೂರುವ ಸೀಳು ಒಂದೇ ಇದ್ದರೆ ಹಾಯಿ ಬದಲಿಸುವಾಗ ಹಳೆಯದು ಇಳಿದ ಮೇಲೇ ಹೊಸದು ಏರಬೇಕು. ಅಷ್ಟು ಹೊತ್ತು ದೋಣಿ ಮುಂದಿನ ಹಾಯಿ ಇಲ್ಲದೆ ತೇಲುತ್ತದೆ. ಭಾರದ ದೋಣಿ ಮತ್ತೆ ವೇಗ ಹಿಡಿಯಲು ಎಷ್ಟು ಹೊತ್ತು ಬೇಕು ಗೊತ್ತಲ್ವಾ? ಸ್ಟಾರ್ಟಿಗೆ ಮುಂಚೆಯೇ ನಿರ್ಧರಿಸಿ. ಪಶ್ಚಿಮ ಕರಾವಳಿಯಲ್ಲಿ ಚಳಿಗಾಲದ ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ, ಮಧ್ಯಾಹ್ನ ದಾಟಿದ ಮೇಲೆ ಸಮುದ್ರದ ಗಾಳಿ. ಮುಂಬೈನಲ್ಲಿ ಅದು ವಾಯವ್ಯದಿಂದ ಏರುತ್ತದೆ. ರೇಸು ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ನೋಡಿ ಹಾಯಿ ಆರಿಸಿ.

ಏರಿಸಿದ ಮೇಲೆ

ಸರಿಯಾದ ಹಾಯಿ ಏರಿಸಿ ಕೆಡಿಸುವುದು ಇನ್ನೂ ಬೇಸರದ ವಿಷಯ.

ಮೇಲೆಳೆಯುವ ಹ್ಯಾಲ್ಯರ್ಡ್ ಅನ್ನು ಬಿಗಿ ಮಾಡಬೇಡಿ. ಲಫ್ ಉದ್ದಕ್ಕೂ ಸಣ್ಣ ಸುಕ್ಕು ಕಾಣಿಸಲಿ. ಸುಕ್ಕು ಕಂಡ ತಕ್ಷಣ ಎಳೆಯುವ ಚಟ ನಮ್ಮ ಹುಡುಗರಿಗೂ ಇದೆ. ಬಿಡಿ, ಇರಲಿ. ಹಿಂದಿನ ತಂತಿಯನ್ನೂ ಸಡಿಲಿಸಿ. ಮುಂದಿನ ತಂತಿ ಸ್ವಲ್ಪ ಜೋಲುತ್ತದೆ, ಹಾಯಿಗೆ ಹೊಟ್ಟೆ ಬರುತ್ತದೆ. ತೀರಾ ಸತ್ತ ಗಾಳಿಯಲ್ಲಿ ಮಾತ್ರ ಇಷ್ಟು ಹೊಟ್ಟೆ ಬೇಡ.

ಶೀಟ್ ಹಾದುಹೋಗುವ ರಾಟೆಯನ್ನು ಡೆಕ್ಕಿನ ಹಳಿಯ ಮೇಲೆ ಹಿಂದೆ ಮುಂದೆ ಸರಿಸಬಹುದು. ಮುಂದೆ ಸರಿಸಿದರೆ ಕೆಳಭಾಗ ತುಂಬುತ್ತದೆ, ಲೀಚ್ ಮುಚ್ಚುತ್ತದೆ. ಹಿಂದೆ ಸರಿಸಿದರೆ ಮೇಲ್ಭಾಗ ತೆರೆಯುತ್ತದೆ. ಎಲ್ಲಿಡಬೇಕು ಅಂತ ಹೇಳುವುದು ಟೆಲ್‌ಟೇಲ್, ಅಂದರೆ ಹಾಯಿಗೆ ಅಂಟಿಸುವ ದಾರದ ತುಂಡು. ಲಫ್‌ನಿಂದ ಒಂದು ಗೇಣು ಹಿಂದೆ, ಕೆಳಗೆ, ನಡುವೆ, ಮೇಲೆ, ಎರಡೂ ಬದಿಗೆ ದಾರ ಅಂಟಿಸಿ. ದೋಣಿಯನ್ನು ನಿಧಾನ ಗಾಳಿಯ ಕಡೆ ತಿರುಗಿಸಿದಾಗ ಮೂರೂ ಒಟ್ಟಿಗೆ ಅಲುಗಾಡಬೇಕು. ಮೇಲಿನದು ಮೊದಲು ಅಲುಗಿದರೆ ರಾಟೆ ಮುಂದಕ್ಕೆ, ಕೆಳಗಿನದು ಮೊದಲಾದರೆ ಹಿಂದಕ್ಕೆ. ಉಲ್ಲನ್ ದಾರ ಒದ್ದೆಯಾದರೆ ಹೊಲಿಗೆಗೆ ಅಂಟಿಕೊಂಡು ಸುಳ್ಳು ಹೇಳುತ್ತದೆ. ತೆಳು ನೈಲಾನ್ ರಿಬ್ಬನ್ ಒಳ್ಳೆಯದು. ಅಟ್ಟದಲ್ಲಿ ಬಿದ್ದಿರುವ ಕ್ಯಾಸೆಟ್ಟಿನ ಟೇಪನ್ನು ಮಾಸ್ಟಿನ ಪಕ್ಕದ ತಂತಿಗಳಿಗೆ ಕಟ್ಟಿ. ಎಂಥ ಸಣ್ಣ ಗಾಳಿಯನ್ನೂ ತೋರಿಸುತ್ತದೆ. ಪ್ಯಾಕಿಂಗ್ ಟೇಪಿನಲ್ಲಿ ಅಂಟಿಸುವವರಿಗೆ ನಮಸ್ಕಾರ. ಬಿಸಿಲಿಗೆ ಅದರ ಗೋಂದು ಕರಗಿ ಹಾಯಿಯ ಮೇಲೆ ಉಳಿಯುತ್ತದೆ.

ಶೀಟ್ ಸಹ ಬದಲಿಸಿ. 12 ಮಿಲಿಮೀಟರಿನ ಒದ್ದೆ ಹಗ್ಗ ಕ್ಲೂಗೆ ನೇತುಬಿದ್ದರೆ ಹಗುರ ಹಾಯಿ ಮಾಡಿಸಿದ್ದಕ್ಕೆ ಅರ್ಥವೇ ಇಲ್ಲ. 6 ಮಿಲಿಮೀಟರಿನದು ಸಾಕು. ನೀರು ಕುಡಿಯದ ಜಾತಿಯದು ತಗೊಳ್ಳಿ.

ಎಳೆಯುವಾಗ ಮೊದಲು ಸಡಿಲ, ದೋಣಿ ಓಟ ಹಿಡಿದ ಮೇಲೆ ಸ್ವಲ್ಪ ಸ್ವಲ್ಪ ಬಿಗಿ. ನಿಂತ ದೋಣಿಯನ್ನು ಎದುರುಗಾಳಿಗೆ ಹತ್ತಿರ ಹಿಡಿಯಲು ಹೋಗಬೇಡಿ. ಓಟವೇ ಇಲ್ಲದಾಗ ಕೀಲ್, ಅಂದರೆ ದೋಣಿಯ ಅಡಿಯ ರೆಕ್ಕೆ, ಕೆಲಸ ಮಾಡುವುದಿಲ್ಲ, ದೋಣಿ ಪಕ್ಕಕ್ಕೆ ಜಾರುತ್ತದೆ. ಜನ ಗಾಳಿ ಹೋಗುವ ಬದಿಗೆ, ಮುಂದಕ್ಕೆ ಕೂರಲಿ. ದೋಣಿ ವಾಲಿದರೆ ಹಾಯಿ ತನ್ನ ಭಾರಕ್ಕೇ ಆಕಾರಕ್ಕೆ ಬೀಳುತ್ತದೆ. ಕೂತವರು ಎದ್ದು ಓಡಾಡಬಾರದು. ಚಹಾ ಮಾಡುವುದಿದ್ದರೂ ಆಮೇಲೆ.

ಗಾಳಿಯ ಚುಕ್ಕೆ ನೀರಿನ ಮೇಲೆ ಎಲ್ಲಿ ಬರುತ್ತಿದೆ ಅಂತ ಓದುವುದನ್ನು ಕಲಿಯಲು ಮುಂಬೈಗೇ ಹೋಗಬೇಕಿಲ್ಲ. ಹೊನ್ನೆಮರಡಿನಲ್ಲಿ ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಬೆಳಿಗ್ಗೆ ಕೂತು ನೋಡಿ. ಗಾಳಿ ಮುಟ್ಟಿದ ಕಡೆ ನೀರು ಕಪ್ಪಾಗುತ್ತದೆ.

ಗಾಳಿ ಪೂರ್ತಿ ನಿಂತು ಉಬ್ಬರವಿಳಿತದ ಸೆಳೆತ ಹಿಂದಕ್ಕೆ ಒಯ್ಯುತ್ತಿದ್ದರೆ ಲಂಗರು ಬಿಡಿ. ರೇಸಿನಲ್ಲಿ ಅದಕ್ಕೆ ಅವಕಾಶ ಇದೆ. ಸದ್ದಿಲ್ಲದೆ ಬಿಡಿ, ಪಕ್ಕದ ದೋಣಿಯವರಿಗೆ ಗೊತ್ತಾಗುವುದು ಬೇಡ.

ರೇಸು ಮುಗಿದ ಮೇಲೆ ಹಗುರ ಹಾಯಿಯನ್ನು ತಂತಿಯ ಮೇಲೆ ಸುತ್ತಿ ಬಿಡಬೇಡಿ. ಅದಕ್ಕೆ ಬಿಸಿಲು ಪಟ್ಟಿ ಇಲ್ಲ. ಇಳಿಸಿ, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಮಡಚಿ ಚೀಲಕ್ಕೆ ಹಾಕಿ. ಮೂಲೆಗಳ ಮೇಲೆ ಇದು ತಲೆ, ಇದು ಬುಡ ಅಂತ ಮಾರ್ಕರ್‌ನಲ್ಲಿ ಬರೆದಿಡಿ. ಮುಂದಿನ ಸಲ ಕತ್ತಲೆಯಲ್ಲಿ ತಲೆಕೆಳಗಾಗಿ ಏರಿಸುವುದು ತಪ್ಪುತ್ತದೆ.