ವಸಂತಕ್ಕೆ ಮನೆಯ ಮುಂದಿನ ಅಂಗಳವನ್ನು ಹೂವಿನಿಂದ ತುಂಬಿಸುವ ಬಗೆ

ವಸಂತ ಕಾಲಿಡುತ್ತಿದ್ದಂತೆ ನರ್ಸರಿಗಳಲ್ಲಿ ಹೂ ಬಿಟ್ಟ ಸಸಿಗಳು ಸಾಲುಗಟ್ಟಿ ನಿಲ್ಲುತ್ತವೆ. ಅಂಗಳವನ್ನು ಚೆಂದಗೊಳಿಸಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಕೆಲಸವನ್ನು ಅಲ್ಲಿಂದಲೇ ಆರಂಭಿಸುತ್ತಾರೆ. ಆ ದಿನ ಅರಳಿ ನಿಂತದ್ದನ್ನೆಲ್ಲ ತಂದು ನೆಟ್ಟರೆ ಕೆಲವು ವಾರ ಅಂಗಳ ಕಳೆಗಟ್ಟುತ್ತದೆ ನಿಜ, ಆದರೆ ಒಂದೇ ಹೊತ್ತಿಗೆ ಅರಳಿದ ಗಿಡಗಳು ಒಂದೇ ಹೊತ್ತಿಗೆ ಬಾಡುತ್ತವೆ ಮತ್ತು ಬೇಸಿಗೆಯ ಹೊತ್ತಿಗೆ ಪಾತಿಗಳು ಬೋಳಾಗಿರುತ್ತವೆ. ಆದ್ದರಿಂದ ಮೊದಲು ಪಾತಿಯ ಆಕಾರ, ಆಮೇಲೆ ಮಣ್ಣು, ಅದಾದ ಮೇಲೆ ಒಂದು ಹೂ ಮುಗಿಯುವಾಗ ಇನ್ನೊಂದು ಅರಳುವಂತಹ ಸರದಿ, ಕೊನೆಯಲ್ಲಿ ಖರೀದಿ, ಈ ಕ್ರಮದಲ್ಲಿ ಸಾಗುವುದು ಲೇಸು.

ನೆಡುವ ಮೊದಲು ನೋಡಬೇಕಾದದ್ದು

ಮನೆಯ ಮುಂದಿನ ಅಂಗಳವನ್ನು ಬೀದಿಯಲ್ಲಿ ಹೋಗುವವರು ದೂರದಿಂದ ನೋಡುತ್ತಾರೆ, ಗೇಟಿನಿಂದ ಬಾಗಿಲಿಗೆ ನಡೆದು ಬರುವವರು ತೀರ ಹತ್ತಿರದಿಂದ ನೋಡುತ್ತಾರೆ, ಮನೆಯವರು ಮಾತ್ರ ಬಹುಪಾಲು ಕಿಟಕಿಯ ಒಳಗಿನಿಂದಲೇ ನೋಡುತ್ತಾರೆ. ಈ ಮೂರೂ ಜಾಗಗಳಲ್ಲಿ ನಿಂತು ಒಂದೊಂದು ಫೋಟೊ ತೆಗೆದುಕೊಳ್ಳಿ. ದಿನನಿತ್ಯ ನೋಡಿ ರೂಢಿಯಾದ ಕಣ್ಣು ಗಮನಿಸದ ಮೀಟರ್ ಪೆಟ್ಟಿಗೆ, ನೀರಿನ ಪೈಪು, ಬೋಳು ಗೋಡೆ ಮುಂತಾದವು ಫೋಟೊದಲ್ಲಿ ತಟ್ಟನೆ ಕಾಣಿಸುತ್ತವೆ. ಯಾವುದನ್ನು ಮರೆಮಾಡಬೇಕು, ಯಾವುದನ್ನು ಎತ್ತಿ ತೋರಿಸಬೇಕು ಎಂಬುದು ಅಲ್ಲಿಯೇ ತಿಳಿಯುತ್ತದೆ.

ಬಿಸಿಲಿನ ಲೆಕ್ಕವನ್ನೂ ಇದೇ ಹಂತದಲ್ಲಿ ಮಾಡಬೇಕು. ದಿನಕ್ಕೆ 6 ಗಂಟೆಗಿಂತ ಹೆಚ್ಚು ನೇರ ಬಿಸಿಲು ಬೀಳುವ ಜಾಗದಲ್ಲಿ ಗುಲಾಬಿ, ಝಿನಿಯಾ, ಚೆಂಡುಹೂ, ಪೆಟುನಿಯಾದಂಥ ಹೆಚ್ಚಿನ ಹೂಗಿಡಗಳು ಚೆನ್ನಾಗಿ ಅರಳುತ್ತವೆ. 3ರಿಂದ 6 ಗಂಟೆ ಬಿಸಿಲಿನ ಜಾಗ ಅರೆನೆರಳಿನದು, ಅಲ್ಲಿಗೆ ಕರ್ಣಕುಂಡಲ, ಬೆಗೋನಿಯಾ, ಹೈಡ್ರೇಂಜಿಯಾ ಒಗ್ಗುತ್ತವೆ. ಚಳಿಗಾಲದಲ್ಲಿ ಎಲೆ ಉದುರಿಸುವ ಮರವೊಂದು ಅಂಗಳದಲ್ಲಿದ್ದರೆ ವಸಂತದ ಆರಂಭದಲ್ಲಿ ಅದರ ಬುಡ ಬಿಸಿಲಿನಲ್ಲಿರುತ್ತದೆ, ಚಿಗುರು ತುಂಬಿದ ಮೇಲೆ ನೆರಳಿನಲ್ಲಿರುತ್ತದೆ. ಇದನ್ನು ಮರೆತು ಅಲ್ಲಿ ಗುಲಾಬಿ ನೆಟ್ಟರೆ ಗಿಡ ಸೊರಗುತ್ತದೆ. ಹಾಗೆಯೇ ಚಾಚಿದ ಸೂರಿನ ಕೆಳಗೆ ಮಳೆ ಬಂದಾಗಲೂ ಮಣ್ಣು ಒಣಗಿಯೇ ಇರುವುದುಂಟು, ಬಿಸಿಲಿಗೆ ಕಾದ ಗೋಡೆ ರಾತ್ರಿಯವರೆಗೂ ಶಾಖ ಬಿಡುವುದುಂಟು. ಗೋಡೆಯ ಬುಡದಲ್ಲಿ ಗಿಡಗಳು ಪದೇ ಪದೇ ಸಾಯುತ್ತಿದ್ದರೆ ರೋಗವನ್ನು ಹುಡುಕುವ ಮೊದಲು ಈ ಎರಡನ್ನು ಪರೀಕ್ಷಿಸಬೇಕು.

ಪಾತಿ ಮತ್ತು ದಾರಿ

ಮನೆಯ ಗೋಡೆಗೆ ಅಂಟಿಕೊಂಡಂತೆ ಒಂದೂವರೆ ಅಡಿ ಅಗಲದ ಪಟ್ಟಿಯನ್ನು ಅಗೆದು, ಅದರಲ್ಲಿ ಒಂದು ಸಾಲು ಗಿಡ ನೆಟ್ಟು ಬಿಡುವುದು ಸಾಮಾನ್ಯವಾಗಿ ಕಾಣುವ ಕ್ರಮ. ಇಂತಹ ಪಟ್ಟಿಯಲ್ಲಿ ಎಷ್ಟು ಒಳ್ಳೆಯ ಗಿಡವಿಟ್ಟರೂ ಅಂಗಳ ತುಂಬಿದಂತೆ ಕಾಣುವುದಿಲ್ಲ. ಹಿಂದೆ ಪೊದೆ, ನಡುವೆ ಹೂಗಿಡ, ಮುಂದೆ ನೆಲ ಹಬ್ಬುವ ಸಸಿ, ಹೀಗೆ ಮೂರು ಸ್ತರಗಳಿಗೆ ಕನಿಷ್ಠ 4 ಅಡಿ ಅಗಲದ ಪಾತಿ ಬೇಕು. ಒಂದು ಬದಿಯಿಂದ ಬಗ್ಗಿದಾಗ ಕೈ ಎರಡು, ಎರಡೂವರೆ ಅಡಿಯವರೆಗೆ ಮಾತ್ರ ಎಟುಕುವುದರಿಂದ ಅಗಲವಾದ ಪಾತಿಯ ನಡುವೆ ಕಾಲಿಡಲು ಒಂದೆರಡು ಚಪ್ಪಡಿ ಕಲ್ಲುಗಳನ್ನು ಹಾಕಿಕೊಳ್ಳಬೇಕು, ಇಲ್ಲವಾದರೆ ಕಳೆ ತೆಗೆಯುವಾಗ ಹದಗೊಳಿಸಿದ ಮಣ್ಣನ್ನು ನಾವೇ ತುಳಿದು ಗಟ್ಟಿ ಮಾಡುತ್ತೇವೆ. ಪೊದೆ ಮತ್ತು ಗೋಡೆಯ ನಡುವೆ ಗಾಳಿಯಾಡುವಷ್ಟು ಜಾಗವೂ ಇರಲಿ.

ಪಾತಿಯ ಅಂಚನ್ನು ಗುರುತಿಸಲು ನೀರು ಹಾಯಿಸುವ ಉದ್ದನೆಯ ಪೈಪಿಗಿಂತ ಒಳ್ಳೆಯ ಸಾಧನವಿಲ್ಲ. ಬಿಸಿಲಿಗೆ ಮೆತ್ತಗಾದ ಪೈಪನ್ನು ನೆಲದ ಮೇಲೆ ಹರಡಿ, ಬೀದಿಯಿಂದಲೂ ಕಿಟಕಿಯಿಂದಲೂ ನೋಡಿ, ಒಪ್ಪುವವರೆಗೆ ಸರಿಸುತ್ತ ಹೋಗಬಹುದು. ಸಣ್ಣ ಸಣ್ಣ ಅಲೆಗಳಂತೆ ಬಾಗುವ ಅಂಚು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆಯೇ ಹೊರತು ನೆಲದ ಮೇಲೆ ಗಲಿಬಿಲಿಯಾಗಿ ಕಾಣುತ್ತದೆ, ಹುಲ್ಲು ಕತ್ತರಿಸಲೂ ಅದು ತೊಡಕು. ಒಂದೇ ವಿಶಾಲವಾದ ಬಾಗು ಸಾಕು. ಗೆರೆ ನಿಶ್ಚಯವಾದ ಮೇಲೆ ಹರಿತವಾದ ಸಲಿಕೆಯಿಂದ ಮೂರು ನಾಲ್ಕು ಇಂಚು ಆಳಕ್ಕೆ ನೇರವಾಗಿ ಕತ್ತರಿಸಿ ಮಣ್ಣನ್ನು ಪಾತಿಯ ಕಡೆಗೆ ಎಳೆದರೆ, ಇಟ್ಟಿಗೆ ಅಥವಾ ಪ್ಲಾಸ್ಟಿಕ್ ಅಂಚಿಲ್ಲದೆಯೇ ಪಾತಿ ಅಚ್ಚುಕಟ್ಟಾಗಿ ಕಾಣುತ್ತದೆ.

ಬಾಗಿಲಿಗೆ ಹೋಗುವ ದಾರಿ 3 ಅಡಿಗಿಂತ ಕಿರಿದಾಗಿರಬಾರದು, ಇಬ್ಬರು ಜೊತೆಯಾಗಿ ನಡೆಯಬೇಕೆಂದರೆ 4ರಿಂದ 5 ಅಡಿ ಬೇಕಾಗುತ್ತದೆ. ವಾಹನ ಹೊರಬರುವ ಮೂಲೆಯಲ್ಲಿ ಎರಡು ಅಡಿಗಿಂತ ಎತ್ತರ ಬೆಳೆಯುವ ಗಿಡವನ್ನು ನೆಡಬೇಡಿ, ಚಾಲಕನಿಗೆ ಬೀದಿ ಕಾಣಬೇಕು. ಆಳವಾಗಿ ಅಗೆಯುವ ಮೊದಲು ನೀರು, ವಿದ್ಯುತ್ ಮತ್ತು ಒಳಚರಂಡಿಯ ಸಾಲುಗಳು ಎಲ್ಲಿ ಹಾದುಹೋಗಿವೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಮಣ್ಣಿನ ಹದ

ನೀರು ಬಸಿಯುವ ಗುಣವನ್ನು ಅಳೆಯಲು ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಈ ಎರಡನೆಯ ಸಲ ನೀರು ಇಳಿಯುವ ವೇಗವನ್ನು ಗಮನಿಸಿ. ಗಂಟೆಗೆ ಒಂದೆರಡು ಇಂಚು ಇಳಿದರೆ ಹೆಚ್ಚಿನ ಹೂಗಿಡಗಳಿಗೆ ಅದು ಸರಿಯಾದ ನೆಲ. ಅದಕ್ಕಿಂತ ತೀರ ನಿಧಾನವಾದರೆ ಪಾತಿಯನ್ನು ಆರೆಂಟು ಇಂಚು ಏರಿಸಿ ಮಾಡುವುದು ಸುಲಭದ ಪರಿಹಾರ. ಜೇಡಿಮಣ್ಣಿಗೆ ಒಂದಿಷ್ಟು ಮರಳು ಬೆರೆಸಿದರೆ ಸಡಿಲವಾಗುತ್ತದೆ ಎಂಬ ನಂಬಿಕೆಯಿದೆ, ಆದರೆ ಅದು ಒಣಗಿದಾಗ ಇನ್ನಷ್ಟು ಗಟ್ಟಿಯಾಗುವ ಸಾಧ್ಯತೆಯೇ ಹೆಚ್ಚು. ಜೇಡಿಮಣ್ಣಿಗೂ ಮರಳುಮಣ್ಣಿಗೂ ಬೇಕಾದದ್ದು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ. ಅದನ್ನು ಎರಡು ಇಂಚು ದಪ್ಪ ಹರಡಿ, ಮೇಲಿನ ಆರೆಂಟು ಇಂಚು ಮಣ್ಣಿನೊಂದಿಗೆ ಬೆರೆಸಬೇಕು.

ಅಗೆಯುವ ದಿನವನ್ನು ಮಣ್ಣೇ ಹೇಳುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ, ಕೈ ಬಿಚ್ಚಿ, ಆ ಉಂಡೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಉಂಡೆ ಬಿರಿದು ಪುಡಿಯಾದರೆ ಗುದ್ದಲಿ ಹಿಡಿಯಬಹುದು. ಬೆರಳಿನ ಗುರುತು ಮಾತ್ರ ಉಳಿದು ಉಂಡೆ ಹೊಳೆಯುತ್ತಿದ್ದರೆ ಇನ್ನೂ ಕೆಲವು ದಿನ ಕಾಯಬೇಕು. ಹಸಿಯಾದ ಮಣ್ಣನ್ನು ಆತುರದಲ್ಲಿ ಅಗೆದರೆ ಅದರ ಕಣಗಳು ಒತ್ತಿಕೊಂಡು, ಒಣಗಿದಾಗ ಹೆಂಟೆಗಳಾಗುತ್ತವೆ ಮತ್ತು ಇಡೀ ಋತು ಬೇರುಗಳಿಗೆ ಗಾಳಿ ಸಿಗುವುದಿಲ್ಲ.

ಗಿಡಗಳ ಆಯ್ಕೆ ಮತ್ತು ಅರಳುವ ಸರದಿ

ಹೂವಿಲ್ಲದ ದಿನಗಳಲ್ಲೂ ಅಂಗಳಕ್ಕೆ ಆಕಾರವಿರಬೇಕಾದರೆ ಪಾತಿಯ ಸುಮಾರು ಮೂರನೆಯ ಒಂದು ಭಾಗವನ್ನು ವರ್ಷವಿಡೀ ಎಲೆ ಉಳಿಸಿಕೊಳ್ಳುವ ಪೊದೆಗಳಿಗೆ ಕೊಡಬೇಕು. ಕಿಟಕಿಯ ಮುಂದೆ ನೆಡುವ ಪೊದೆ ಪೂರ್ತಿ ಬೆಳೆದಾಗಲೂ ಕಿಟಕಿಯ ಕೆಳ ಅಂಚನ್ನು ದಾಟದಂತಿರಲಿ. ಒಂದೊಂದು ಬಗೆಯ ಗಿಡವನ್ನು ಒಂದೊಂದರಂತೆ ಚೆಲ್ಲಾಡಿ ನೆಟ್ಟರೆ ಅಂಗಳ ನರ್ಸರಿಯ ಮಾದರಿ ತಟ್ಟೆಯಂತೆ ಕಾಣುತ್ತದೆ. ಆದ್ದರಿಂದ ಬಗೆಗಳನ್ನು ಕಡಿಮೆ ಮಾಡಿ, ಒಂದೇ ಗಿಡವನ್ನು 3, 5 ಅಥವಾ 7ರ ಗುಂಪಿನಲ್ಲಿ ನೆಟ್ಟು, ಅದೇ ಗುಂಪನ್ನು ದಾರಿಯ ಇನ್ನೊಂದು ಬದಿಯಲ್ಲೂ ಮರುಕಳಿಸಿದರೆ ಕಣ್ಣು ಸಲೀಸಾಗಿ ಬಾಗಿಲಿನವರೆಗೆ ಸಾಗುತ್ತದೆ.

ಸರದಿಯ ವಿಷಯದಲ್ಲಿ ಹಿಮ ಬೀಳುವ ಪ್ರದೇಶಕ್ಕೂ ಬೀಳದ ಪ್ರದೇಶಕ್ಕೂ ದೊಡ್ಡ ವ್ಯತ್ಯಾಸವಿದೆ. ಕಡು ಚಳಿಗಾಲವಿರುವ ಕಡೆ ಮೊದಲು ಕ್ರೋಕಸ್, ಅದರ ಹಿಂದೆ ಡ್ಯಾಫೊಡಿಲ್, ಆಮೇಲೆ ಟ್ಯುಲಿಪ್, ಅದು ಮುಗಿಯುವಾಗ ಐರಿಸ್ ಮತ್ತು ಪಿಯೋನಿ, ಕೊನೆಗೆ ಗುಲಾಬಿ ಎಂಬ ಕ್ರಮ ತಾನಾಗಿಯೇ ಒದಗುತ್ತದೆ. ಆದರೆ ಟ್ಯುಲಿಪ್ ಗೆಡ್ಡೆಗಳಿಗೆ ಹೂ ಬಿಡುವ ಮೊದಲು ಸುಮಾರು 12ರಿಂದ 16 ವಾರಗಳ ಚಳಿ ಬೇಕಾಗುವುದರಿಂದ ಅವುಗಳನ್ನು ಹಿಂದಿನ ಶರತ್ಕಾಲದಲ್ಲಿಯೇ, ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳದಲ್ಲಿ ನೆಟ್ಟಿರಬೇಕು. ಶರತ್ಕಾಲ ಕೈತಪ್ಪಿದ್ದರೆ ವಸಂತದಲ್ಲಿ ಮೊಗ್ಗು ಹೊತ್ತ ಕುಂಡಗಳನ್ನು ಕೊಂಡು ಪಾತಿಯಲ್ಲಿ ಹೂಳುವುದೊಂದೇ ದಾರಿ.

ಬೆಚ್ಚಗಿನ ಪ್ರದೇಶಗಳಲ್ಲಿ ವಸಂತವೆಂದರೆ ಕಡು ಬೇಸಿಗೆಗೆ ಮುಂಚಿನ ಚಿಕ್ಕ ಬಿಡುವು. ಅಲ್ಲಿ ಪ್ಯಾನ್ಸಿ, ಸ್ನ್ಯಾಪ್‌ಡ್ರಾಗನ್, ಅಲಿಸಮ್‌ನಂಥ ತಂಪು ಬಯಸುವ ಹೂಗಳು ಈಗಾಗಲೇ ತಮ್ಮ ಕೊನೆಯ ಹಂತದಲ್ಲಿರುತ್ತವೆ, ಬಿಸಿಲೇರಿದೊಡನೆ ಅವು ಸೊರಗುತ್ತವೆ. ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂ ಬಿಡುವ ಝಿನಿಯಾ, ಕಾಸ್ಮಾಸ್, ಚೆಂಡುಹೂಗಳ ಬೀಜವನ್ನು ಪ್ಯಾನ್ಸಿ ಇನ್ನೂ ಅರಳಿರುವಾಗಲೇ ತಟ್ಟೆಗಳಲ್ಲಿ ಬಿತ್ತಿಕೊಂಡರೆ, ಪ್ಯಾನ್ಸಿ ಕಿತ್ತ ಜಾಗಕ್ಕೆ ಸಸಿ ಸಿದ್ಧವಾಗಿರುತ್ತದೆ. ನಿತ್ಯಪುಷ್ಪ ಮತ್ತು ಟೇಬಲ್ ರೋಸ್ ಕಾದ ಗೋಡೆಯ ಬುಡದಲ್ಲೂ ನಗುತ್ತಿರುತ್ತವೆ. ಹಿಂದಿನ ಸಾಲಿಗೆ ದಾಸವಾಳ ಮತ್ತು ಇಕ್ಸೋರಾ ಇದ್ದರೆ ಹೂವಿನ ಚಿಂತೆ ಅರ್ಧ ಇಳಿದಂತೆ. ಕಾಗದದ ಹೂವಿನ ಬಳ್ಳಿಯನ್ನು ದಾರಿಗೆ ತಾಗದಂತೆ ದೂರವಿಡುವುದು ಒಳ್ಳೆಯದು, ಅದರ ಮುಳ್ಳು ಸಾಮಾನ್ಯದ್ದಲ್ಲ.

ಬಣ್ಣಗಳಲ್ಲಿ ಎರಡು ಮೂರನ್ನು ಮಾತ್ರ ಆರಿಸಿಕೊಳ್ಳುವ ಸಂಯಮ ಬೇಕು. ಕೆಂಪು, ಕಿತ್ತಳೆ, ಹಳದಿ ಹೂಗಳು ದೂರದಿಂದಲೂ ಎದ್ದು ಕಾಣುತ್ತವೆ, ನೀಲಿ ಮತ್ತು ನೇರಳೆ ಬೀದಿಯಿಂದ ನೋಡಿದಾಗ ಹಸಿರಿನಲ್ಲಿ ಕರಗಿಹೋಗುತ್ತವೆ. ಆದ್ದರಿಂದ ನೇರಳೆ ಹೂಗಳನ್ನು ದಾರಿಯ ಅಂಚಿಗೂ ಬಾಗಿಲಿನ ಬಳಿಗೂ ಮೀಸಲಿಡಿ. ಮನೆಯವರು ಕೆಲಸದಿಂದ ಮರಳುವುದು ಸಂಜೆಯಾದರೆ ಬಿಳಿ ಹೂ ಹೆಚ್ಚಿರಲಿ, ಮುಸ್ಸಂಜೆಯ ಮಬ್ಬಿನಲ್ಲಿ ಕೊನೆಯವರೆಗೂ ಕಾಣುವುದು ಅದೇ. ಎಸಳುಗಳು ಒತ್ತಾಗಿ ತುಂಬಿದ ಹೂಗಳಿಗಿಂತ ಒಂದೇ ಸುತ್ತಿನ ಎಸಳಿನ ಹೂಗಳಲ್ಲಿ ಜೇನುನೊಣಗಳಿಗೆ ಮಕರಂದ ಸುಲಭವಾಗಿ ಸಿಗುತ್ತದೆ. ಪುಟ್ಟ ಮಕ್ಕಳು ಅಥವಾ ಸಾಕುಪ್ರಾಣಿಗಳು ಓಡಾಡುವ ಅಂಗಳದಲ್ಲಿ ಕಣಗಿಲೆಯನ್ನು ಬಿಟ್ಟೇಬಿಡಬೇಕು, ಅದರ ಎಲ್ಲ ಭಾಗಗಳೂ ವಿಷ. ಡ್ಯಾಫೊಡಿಲ್ ಗೆಡ್ಡೆಯೂ ವಿಷವೇ.

ನೆಡುವಾಗ

ಗಾಜಿನ ಮನೆಯಲ್ಲಿ ಅಥವಾ ನೆರಳುಬಲೆಯ ಕೆಳಗೆ ಬೆಳೆದ ಸಸಿಯನ್ನು ನೇರವಾಗಿ ಬಿಸಿಲಿಗೆ ತಂದರೆ ಎಲೆ ಸುಡುತ್ತದೆ. ಮೊದಲ ದಿನ ಒಂದೆರಡು ಗಂಟೆ ಹೊರಗಿಟ್ಟು, ದಿನದಿನಕ್ಕೆ ಹೊತ್ತನ್ನು ಹೆಚ್ಚಿಸುತ್ತ, ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಹೊರಗಿನ ಹವೆಗೆ ಒಗ್ಗಿಸಬೇಕು. ಹಿಮ ಬೀಳುವ ಕಡೆ ಝಿನಿಯಾ, ಚೆಂಡುಹೂಗಳನ್ನು ಕೊನೆಯ ಹಿಮದ ಅವಧಿ ಕಳೆದು, ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತಾದ ಮೇಲೆಯೇ ನೆಡಬೇಕು.

ನೆಡುವ ಅಂತರವನ್ನು ಸಸಿಯ ಈಗಿನ ಗಾತ್ರದಿಂದ ಅಳೆಯದೆ, ಬೆಳೆದಾಗ ಅದು ಎಷ್ಟು ಅಗಲವಾಗುತ್ತದೆ ಎಂಬುದರಿಂದ ಅಳೆಯಬೇಕು. ನಡುವಿನ ಖಾಲಿ ಜಾಗ ಕಣ್ಣಿಗೆ ಚುಚ್ಚಿದರೆ ಮೊದಲ ವರ್ಷ ಅಲ್ಲಿ ಒಂದು ಋತುವಿನ ಹೂಗಳನ್ನು ಹಾಕಿಕೊಳ್ಳಬಹುದು. ಪೊದೆಗಳಿಗೆ ಗುಂಡಿಯ ಅಗಲ ಬೇರುಮುದ್ದೆಯ ಎರಡು ಪಟ್ಟಾದರೂ ಇರಲಿ, ಆಳ ಮಾತ್ರ ಬೇರುಮುದ್ದೆಯಷ್ಟೇ ಸಾಕು. ಕುಂಡದೊಳಗೆ ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸಿ ಹೊರಕ್ಕೆ ಚಾಚಿಸಿ, ಇಲ್ಲದಿದ್ದರೆ ಅವು ನೆಲದಲ್ಲೂ ಹಾಗೆಯೇ ಸುತ್ತುತ್ತವೆ. ಸಂಜೆ ನೆಟ್ಟು ಬುಡಕ್ಕೆ ಧಾರಾಳವಾಗಿ ನೀರು ಕೊಟ್ಟರೆ ಸಸಿಗೆ ಒಂದು ರಾತ್ರಿಯ ಚೇತರಿಕೆ ಸಿಗುತ್ತದೆ. ಋತುಹೂಗಳ ಸಸಿಗಳಲ್ಲಿ ನೆಡುವ ಹೊತ್ತಿಗೆ ಅರಳಿದ ಹೂಗಳನ್ನು ಚಿವುಟಿ ಹಾಕಲು ಮನಸ್ಸು ಒಪ್ಪುವುದಿಲ್ಲ, ಆದರೆ ಚಿವುಟಿದ ಸಸಿಯೇ ಬೇಗ ಬೇರೂರಿ ಪೊದೆಯಾಗುತ್ತದೆ.

ಬಾಗಿಲಿನ ಬದಿಯ ಕುಂಡಗಳ ಬಗ್ಗೆ ಒಂದು ಮಾತು ಸಾಕು: ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುವುದಿಲ್ಲ, ಜಲ್ಲಿಯ ಮೇಲಿನ ಮಣ್ಣಿನಲ್ಲಿಯೇ ಅದು ನಿಂತುಕೊಳ್ಳುತ್ತದೆ, ತೂತಿರುವ ಕುಂಡಕ್ಕೆ ತಳದಿಂದ ಮೇಲಿನವರೆಗೂ ಒಂದೇ ಹಗುರ ಮಿಶ್ರಣ ತುಂಬುವುದು ಸರಿ.

ಅರಳಿದ ಮೇಲಿನ ಆರೈಕೆ

ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲ್ಪದರದಲ್ಲೇ ಉಳಿದು, ಒಂದು ದಿನ ನೀರು ತಪ್ಪಿದರೂ ಗಿಡ ಜೋಲುತ್ತದೆ. ಬೇರೂರಿದ ಪಾತಿಗೆ ವಾರಕ್ಕೆ ಮಳೆಯೂ ಸೇರಿ ಸುಮಾರು ಒಂದು ಇಂಚು ನೀರು ಸಿಗುವಂತೆ, ಬೆಳಗಿನ ಹೊತ್ತು, ಬುಡಕ್ಕೆ, ಆಳವಾಗಿ ಹಾಯಿಸಬೇಕು. ಕಡು ಬಿಸಿಲಿನಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಒಣ ಎಲೆ ಅಥವಾ ತೊಗಟೆಯ ಚೂರುಗಳ ಹೊದಿಕೆಯನ್ನು ಎರಡು ಮೂರು ಇಂಚು ದಪ್ಪ ಹರಡಿದರೆ ತೇವ ಉಳಿಯುತ್ತದೆ, ಕಳೆಯೂ ಕಡಿಮೆಯಾಗುತ್ತದೆ, ಆದರೆ ಹೊದಿಕೆ ಕಾಂಡಕ್ಕೆ ತಾಗಿದರೆ ಕಾಂಡ ಕೊಳೆಯುತ್ತದೆ. ಎಲೆ ಹುಲುಸಾಗಿ ಬೆಳೆದು ಹೂವೇ ಬಾರದಿದ್ದರೆ ಬಿಸಿಲು ಕಡಿಮೆಯಾಗಿದೆಯೇ, ಸಾರಜನಕದ ಗೊಬ್ಬರ ಹೆಚ್ಚಾಗಿದೆಯೇ ಎಂದು ಮೊದಲು ನೋಡಬೇಕು.

ಬಾಡಿದ ಹೂವನ್ನು ಬೀಜ ಕಟ್ಟುವ ಮೊದಲೇ ತೆಗೆದರೆ ಗಿಡ ಮತ್ತೆ ಮೊಗ್ಗು ಹಿಡಿಯುತ್ತದೆ. ಪೆಟುನಿಯಾದಲ್ಲಿ ಬರೀ ಎಸಳನ್ನು ಎಳೆದರೆ ಬೀಜಕೋಶ ಗಿಡದಲ್ಲೇ ಉಳಿಯುತ್ತದೆ, ಆದ್ದರಿಂದ ಹೂವಿನ ತೊಟ್ಟನ್ನೂ ಸೇರಿಸಿ ಚಿವುಟಬೇಕು. ಅಜೇಲಿಯಾ, ಲೈಲ್ಯಾಕ್, ಫೋರ್ಸಿಥಿಯಾ ಮುಂತಾದ ವಸಂತದ ಪೊದೆಗಳನ್ನು ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಬೇಕು. ಅವು ಮುಂದಿನ ವಸಂತದ ಮೊಗ್ಗುಗಳನ್ನು ಈ ಬೇಸಿಗೆಯಲ್ಲಿಯೇ ಕಟ್ಟಿಕೊಳ್ಳುವುದರಿಂದ, ಚಳಿಗಾಲದಲ್ಲಿ ಕತ್ತರಿ ಆಡಿಸಿದವರು ಹೂವನ್ನೇ ಕತ್ತರಿಸಿ ಹಾಕಿದಂತಾಗುತ್ತದೆ. ಡ್ಯಾಫೊಡಿಲ್‌ನಂಥ ಗೆಡ್ಡೆಗಳ ಎಲೆಗಳನ್ನು ಹೂ ಉದುರಿದ ಮೇಲೆ ಕನಿಷ್ಠ ಆರು ವಾರ ಮುಟ್ಟಬಾರದು, ಗಂಟು ಕಟ್ಟಲೂಬಾರದು. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಗೆಡ್ಡೆ ಆ ಎಲೆಗಳಿಂದಲೇ ಪಡೆಯುತ್ತದೆ. ಹಳದಿಯಾಗುತ್ತಿರುವ ಎಲೆ ನೋಡಲು ಅಂದವಲ್ಲ ಎನಿಸಿದರೆ, ಅವುಗಳ ಮುಂದೆ ಅಗಲ ಎಲೆಯ ಹೋಸ್ಟಾ ಅಥವಾ ಡೇಲಿಲಿಯನ್ನು ನೆಡಿ. ಗೆಡ್ಡೆಯ ಎಲೆ ಒಣಗುವ ಹೊತ್ತಿಗೆ ಸರಿಯಾಗಿ ಅವುಗಳ ಎಲೆ ಹರಡಿಕೊಂಡು ಆ ಜಾಗವನ್ನು ಮುಚ್ಚುತ್ತದೆ.